ಸೋಮವಾರದ ನೀರು

ಸೋಮವಾರ ಎತ್ತಿನ ಕೊರಳ ಮೇಲೆ ನೊಗ ಇಡುವುದಿಲ್ಲ. ಬಿತ್ತನೆಯ ಹದ ತಪ್ಪಿದರೂ ಸರಿ, ಮೋಡ ನೆತ್ತಿಯ ಮೇಲೆ ಬಂದು ನಿಂತರೂ ಸರಿ, ತೇರದಾಳದ ಸುತ್ತಿನ ಹೊಲಗಳಲ್ಲಿ ಅಂದು ಎತ್ತುಗಳು ಗೋದಲಿಯ ಮುಂದೆ ಮಲಗಿ ಮೆಲುಕು ಹಾಕಬೇಕು. ಹಾಗಾಗಿ ಬಾವಿಯ ಕಪಲಿಯೂ ಅಂದು ಸುಮ್ಮನಿರುತ್ತಿತ್ತು. ಉಳಿದ ದಿನ ಎತ್ತುಗಳು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆದು ನೀರು ತುಂಬಿದ ಚರ್ಮದ ಚೀಲವನ್ನು ಮೇಲೆಳೆಯುವ ಹಗ್ಗ, ಸೋಮವಾರ ಬಾವಿಯ ದಂಡೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತಿತ್ತು.

ಜಕ್ಕಪ್ಪನಿಗೆ ವಾರವೆಂದರೆ ಆ ಒಂದು ದಿನವೇ. ಅಪ್ಪ ತೀರಿದ ಮೇಲೆ ಮನೆಯ ಯಜಮಾನಿಕೆ ಅಣ್ಣ ಗಿರಮಲ್ಲಪ್ಪನದು. ಎತ್ತು ಹೊಡೆ ಎಂದರೆ ಹೊಡೆಯಬೇಕು, ನೀರು ತಿರುವು ಎಂದರೆ ತಿರುವಬೇಕು. ಅಣ್ಣ ಕೆಟ್ಟವನಲ್ಲ, ಕೆಲಸದ ಮನುಷ್ಯ. ಬದುಕಿನಲ್ಲಿ ಕೆಲಸ ಬಿಟ್ಟು ಬೇರೊಂದು ಇದೆ ಎಂಬುದು ಅವನ ತಲೆಗೆ ಎಂದೂ ಹೋಗಿರಲಿಲ್ಲ, ಅಷ್ಟೇ. ಆದರೆ ಸೋಮವಾರದ ಲೆಕ್ಕವನ್ನು ಅವನೂ ಕೇಳುತ್ತಿರಲಿಲ್ಲ. ಜಕ್ಕಪ್ಪ ಅಂದು ಮೈ ತೊಳೆದುಕೊಂಡು ಬೀರೇಶ್ವರನ ಗುಡಿಗೆ ಹೋಗಿ ಭಂಡಾರ ಹಚ್ಚಿಕೊಂಡು ಬಂದನೆಂದರೆ, ಕೊಟ್ಟಿಗೆಯ ಹಿಂದಿನ ಸೋಗೆಯ ಕೆಳಗೆ ಸೇರಿಬಿಡುತ್ತಿದ್ದ. ಹೊತ್ತು ಮುಳುಗಿ ಅತ್ತಿಗೆ ಮಾಯವ್ವ ರೊಟ್ಟಿಗೆ ಕೂಗುವತನಕ ಅವನ ಸುದ್ದಿ ಇಲ್ಲ.

ಅಲ್ಲಿ ಅವನ ಸಂಸಾರವೇ ಬೇರೆ. ತುಕ್ಕು ಹಿಡಿದ ಸೈಕಲ್ ಗಾಲಿಗಳು, ಹೊಲಿಗೆ ಯಂತ್ರದ ಒಂದು ಹಿಡಿಕೆ, ತಗಡು, ತಂತಿ, ಜಮಖಂಡಿಯ ಗುಜರಿಯಲ್ಲಿ ಆರಿಸಿ ತಂದ ಹಲ್ಲುಗಾಲಿಗಳು. ಜೋಳದ ಹೊಲದಲ್ಲಿ ಗಾಳಿ ಬಂದರೆ ತಾನೇ ಡಬ್ಬಿ ಬಡಿದು ಹಕ್ಕಿ ಓಡಿಸುವ ಒಂದು ಬೊಂಬೆಯನ್ನು ಅವನು ಮಾಡಿದ್ದ. ಹಕ್ಕಿ ಹೆದರಲಿಲ್ಲ, ಪಕ್ಕದ ಹೊಲದವರ ಎಮ್ಮೆ ಹೆದರಿ ಹಗ್ಗ ಹರಿದುಕೊಂಡು ಹೋಯಿತು. ಅತ್ತಿಗೆಗೆಂದು ಕಾಲಿನಿಂದ ತುಳಿದು ಮಜ್ಜಿಗೆ ಕಡೆಯುವ ಯಂತ್ರ ಮಾಡಿಕೊಟ್ಟ. ಅದು ಮೊದಲ ದಿನವೇ ಮಜ್ಜಿಗೆಯನ್ನು ತೊಲೆಗೆ ಎರಚಿತು. "ಬೆಣ್ಣಿ ತಗ್ಯಾಕ ನಿಚ್ಚಣಿಕಿ ಹಚ್ಚಬೇಕಾಗೇತಿ" ಎಂದು ಮಾಯವ್ವ ಓಣಿಯ ತುಂಬ ಹೇಳಿಕೊಂಡು ನಕ್ಕಳು. ಗಿರಮಲ್ಲಪ್ಪ ಆ ಸೋಗೆಗೆ 'ಜಕ್ಕನ ಸಂತಿ' ಎಂದು ಹೆಸರಿಟ್ಟಿದ್ದ.

ಈ ಹುಚ್ಚಿಗೆ ಜೊತೆಗಾರನೊಬ್ಬನಿದ್ದ, ರಬಕವಿಯ ನೇಕಾರ ಭೀಮಪ್ಪ. ಅವನ ಮಗ್ಗಕ್ಕೆ ಅಮಾವಾಸ್ಯೆ ರಜೆ, ಇವನ ಎತ್ತಿಗೆ ಸೋಮವಾರ ರಜೆ. ಇಬ್ಬರೂ ಒಟ್ಟಿಗೆ ಕೈಬಿಡುವಾಗಿ ಸಿಗುವುದು ಸೋಮವಾರವೇ ಅಮಾವಾಸ್ಯೆ ಬಿದ್ದಾಗ ಮಾತ್ರ. ಅದು ಯಾವಾಗಲೋ ಒಮ್ಮೆ. ಅಂಥ ದಿನ ಭೀಮಪ್ಪ ಬುತ್ತಿ ಕಟ್ಟಿಕೊಂಡು ಸೈಕಲ್ ತುಳಿಯುತ್ತ ಬಂದುಬಿಡುತ್ತಿದ್ದ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಮೂರನೆಯ ಬೇಸಿಗೆ ಇರಬೇಕು. ಜಕ್ಕಪ್ಪ ಬಾವಿಗೊಂದು ಹೊಸ ಯಂತ್ರ ಹೂಡುತ್ತಿದ್ದ. ಸೈಕಲ್ಲಿನಂತೆ ಕುಳಿತು ತುಳಿದರೆ ಗಾಲಿ ತಿರುಗಬೇಕು, ಗಾಲಿಯ ಮೇಲಿನ ಹಗ್ಗ ಬಾವಿಗಿಳಿದು ಒಂದು ಕಬ್ಬಿಣದ ಕೊಳವೆಯೊಳಗಿಂದ ಮೇಲೆ ಬರಬೇಕು, ಹಗ್ಗಕ್ಕೆ ಗೇಣಿಗೊಂದರಂತೆ ಪೋಣಿಸಿದ ಚರ್ಮದ ಬಿಲ್ಲೆಗಳು ನೀರನ್ನು ಎತ್ತಿಕೊಂಡು ಬರಬೇಕು. ಹಿಂದಿನ ಎರಡು ಬೇಸಿಗೆಯಲ್ಲೂ ನೀರು ಬಂದಿರಲಿಲ್ಲ. ಬಿಲ್ಲೆ ಬಿಗಿಯಾದರೆ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಸಡಿಲಾದರೆ ನೀರೆಲ್ಲ ಜಾರಿ ಹೋಗುತ್ತಿತ್ತು.

"ಚರಮ ಒಣಗಿದ್ದಾಗ ಕೊಯ್ತಿಯೋ, ತೊಯ್ಸಿ ಕೊಯ್ತಿಯೋ?" ಎಂದು, ಸೋಮವಾರ ಬಿದ್ದ ಒಂದು ಅಮಾವಾಸ್ಯೆಯಂದು ಕೇಳಿದವನು ಭೀಮಪ್ಪ.

"ಒಣಗಿದ್ದ."

"ಮತ್ತ ನೀರಾಗ ಇಳದ ಮ್ಯಾಲ ಉಬ್ಬೂದಿಲ್ಲೇನಲೇ ಅದು? ನೆನಿ ಹಾಕು. ಉಬ್ಬಿದ ಮ್ಯಾಲ ಕೊಯ್ಯಿ."

ಹಾಗೆ ಮಾಡಿದ್ದೇ ತಡ, ಇಬ್ಬರ ಕಣ್ಣೆದುರೇ ಕೊಳವೆಯ ಬಾಯಿಂದ ನೀರು ಗಳಗಳ ಬಂತು. ಜಕ್ಕಪ್ಪ ತುಳಿಯುವುದನ್ನು ಬಿಟ್ಟು ಇಳಿದು ಬಂದು ಬೊಗಸೆ ಒಡ್ಡಿದ. ಅಷ್ಟರಲ್ಲಿ ನೀರು ನಿಂತಿತು. ಭೀಮಪ್ಪ ಬಿದ್ದು ಬಿದ್ದು ನಕ್ಕ. ಆಮೇಲೆ ಬುತ್ತಿ ಬಿಚ್ಚಿ ಕುಳಿತಾಗ ನಗು ನಿಲ್ಲಿಸಿ ಹೇಳಿದ:

"ಇದು ನಡೀತೈತಿ ಅಂತ ಮನ್ಯಾಗ ಹೇಳಬ್ಯಾಡ."

"ಯಾಕೋ?"

"ನಾ ನೂಲಿನ ಕಂಡಿಕಿ ಸುತ್ತೂ ಯಂತ್ರ ಮಾಡಿದ್ನಲ್ಲ, ಅದು ಈಗ ನಮ್ಮ ಸಾವಕಾರನ ಕಾರಖಾನ್ಯಾಗೈತಿ. ಬಾಕಿ ದಿನ ಮಗ್ಗ ಬಿಡಿಸಂಗಿಲ್ಲ ಅಂವಾ. ಅದಕ್ಕ ಆ ಯಂತ್ರದ ದುರಸ್ತಿಗೆ ಅಂತ ಅಮಾಸಿ ದಿನಾನ ಕರೀತಾನ. ಇವತ್ತ ಮೈಯಾಗ ಆರಾಮ ಇಲ್ಲಂತ ಸುಳ್ಳ ಹೇಳಿ ಬಂದೇನಿ. ಯಾರರ ಕೇಳಿದ್ರ ಇನ್ನೂ ನಡ್ಯಾಕತ್ತಿಲ್ಲ ಅಂತ ಹೇಳಪಾ."

ಜಕ್ಕಪ್ಪ ಹೂಂ ಅಂದ. ಆದರೆ ಹೂಂ ಅಂದಷ್ಟು ಸುಲಭವೇ ಅದು? ಇಷ್ಟು ವರ್ಷ ನಗೆಗೀಡಾದವನು. ಮುಂದಿನ ಸೋಮವಾರ ಬರುವತನಕ ತಡೆದುಕೊಂಡದ್ದೇ ಹೆಚ್ಚು. ಅಂದು ಅಣ್ಣನನ್ನು ಕರೆದ, ಅತ್ತಿಗೆಯನ್ನು ಕರೆದ. ದೋಷ ಗೀಷ ಎಂದು ಯಾರೂ ಬಾಯಿ ತೆಗೆಯಬಾರದೆಂದು ಬೀರೇಶ್ವರನ ಪೂಜಾರಿ ಲಗಮಣ್ಣಜ್ಜನನ್ನೂ ಕೈಹಿಡಿದು ಕರೆತಂದು ಬಾವಿಯ ದಂಡೆಯ ಮೇಲೆ ಕಂಬಳಿ ಹಾಸಿ ಕೂರಿಸಿದ.

ತುಳಿದ. ನೀರು ಬಂತು. ಕಾಲುವೆಗೆ ಬಿದ್ದು, ಒಣಗಿದ ಮಣ್ಣು ಕುಡಿಯುವಷ್ಟು ಕುಡಿದ ಮೇಲೆ ಮೆಲ್ಲಗೆ ಬದನೆಯ ಮಡಿಯ ಕಡೆಗೆ ಹೊರಟಿತು.

"ಅಯ್ಯ ಯವ್ವಾ!" ಎಂದು ಮಾಯವ್ವ ಬಾಯಿಗೆ ಸೆರಗು ಹಿಡಿದಳು.

ಲಗಮಣ್ಣಜ್ಜ ಮಾತ್ರ ಗಡ್ಡ ನೀವಿಕೊಂಡ. "ಸೋಮವಾರ ಬಾವ್ಯಾಗಿಂದ ನೀರ ತಗ್ಯೂದು ಬರೋಬರಿ ಏನೋ ಜಕ್ಕಪ್ಪ?"

ಈ ಪ್ರಶ್ನೆಗೆ ಜಕ್ಕಪ್ಪ ಎಂದಿನಿಂದಲೋ ಕಾದಿದ್ದ. ಏದುಸಿರಿನಲ್ಲಿಯೇ ಉತ್ತರಿಸಿದ. "ನೊಗ ಐತೇನ್ರಿ ಅಜ್ಜಾರ? ಎತ್ತಿನ ಕೊಳ್ಳ ಐತೇನ್ರಿ? ನನ್ನ ಕಾಲು, ನನ್ನ ಗಾಲಿ. ಇದರಾಗ ಬಸವಣ್ಣಗ ಏನ ತ್ರಾಸ ಆತ್ರಿ?"

ಅಜ್ಜ ತಲೆದೂಗಿದ. "ಖರೆ ಐತಿ. ನೊಗ ಇಲ್ಲಂದ್ರ ದೋಷ ಇಲ್ಲ."

ಗಿರಮಲ್ಲಪ್ಪ ಇದ್ಯಾವುದನ್ನೂ ಕೇಳಿದಂತಿರಲಿಲ್ಲ. ಮಡಿಯ ಬಾಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೀರು ಬರುವುದನ್ನೇ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ ಎದ್ದು ಬಂದು, ಗಾಲಿಯ ಮೇಲೆ ಕೈಯಾಡಿಸಿ, ಕೇಳಿದ:

"ಇದು ಮಂಗಳವಾರ ನಡ್ಯೂದಿಲ್ಲೇನು?"

ಅಣ್ಣ ತಮ್ಮನ ಕೈಕೆಲಸದ ಬಗ್ಗೆ ಒಂದು ಮಾತು ಕೇಳಿದ್ದು ಅದೇ ಮೊದಲು. ಜಕ್ಕಪ್ಪನ ಎದೆ ಉಬ್ಬಿತು. "ಯಾವ ವಾರ ಬೇಕಾದ್ರೂ ನಡೀತೈತಿ ಯಣ್ಣಾ!"

ಮರುದಿನವೇ ಎತ್ತುಗಳು ಬಾವಿ ಬಿಟ್ಟು ಗಾಡಿಗೆ ಹೋದವು. ಬೆಲ್ಲದ ಪೆಂಟೆ ಹೇರಿಕೊಂಡು ಗಿರಮಲ್ಲಪ್ಪ ಬಾಡಿಗೆಗೆ ಹೊಡೆಯತೊಡಗಿದ. ಕಪಲಿಯ ಹಗ್ಗ ಮನೆಯ ಅಟ್ಟ ಸೇರಿತು. ಜಕ್ಕಪ್ಪ ಯಂತ್ರದ ಮೇಲೆ ಕುಳಿತ. ಎತ್ತಿನ ಜೋಡಿ ಒಂದು ಹೊತ್ತಿನಲ್ಲಿ ಎತ್ತುತ್ತಿದ್ದ ನೀರಿಗೆ ಅವನು ಹಗಲೆಲ್ಲ ತುಳಿಯಬೇಕಿತ್ತು. ಮೊದಲ ದಿನ ತೊಡೆಗಳು ನಡುಗಿದವು, ಆಮೇಲೆ ನಡುಗುವುದನ್ನೂ ಬಿಟ್ಟವು. ಅವನಿಗೆ ಅದರ ದುಃಖವೇನೂ ಆಗಲಿಲ್ಲ. ಸೋಮವಾರ ಬರುತ್ತದಲ್ಲ. ತುಳಿಯುವಾಗ ತಲೆಯೊಳಗೆ ತಗಡಿನ ರೆಕ್ಕೆಗಳು ತಿರುಗುತ್ತಿದ್ದವು. ಗಾಳಿಗೆ ತಿರುಗುವ ದೊಡ್ಡ ಪಂಖ ಮಾಡಿ ಈ ಗಾಲಿಗೆ ಜೋಡಿಸಿದರೆ ಕಾಲೂ ಬೇಡ. ಆಷಾಢದ ಗಾಳಿ ಬರುವುದರೊಳಗೆ ಆಗಬೇಕು.

ಸೋಮವಾರ ಬಂತು. ಗುಡಿಗೆ ಹೋಗಿ ಬಂದು ಸೋಗೆಯ ಕೆಳಗೆ ಕುಳಿತು ತಗಡಿಗೆ ಕತ್ತರಿ ಹಚ್ಚಿದ್ದ, ಅಣ್ಣ ಕೂಗಿದ.

"ಅಲ್ಲೇನ ಮಾಡ್ತೀಯಲೇ? ಬದನಿ ಬಾಡ್ಯಾವ."

"ಇವತ್ತ ಸೋಮವಾರ ಅಲ್ಲೇನಣ್ಣ?"

"ಹೌದು. ಅದಕ್ಕ ಎತ್ತು ಮಲಗ್ಯಾವ. ನೀ ಯಾಕ ಕುಂತಿ? ನೊಗ ಇಲ್ಲ, ದೋಷ ಇಲ್ಲ ಅಂತ ಲಗಮಣ್ಣಜ್ಜನ ಮುಂದ ನೀನ ಹೇಳಿದೆಲ್ಲ."

ಅಣ್ಣನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

"ಗಾಳಿ ಪಂಖ ಹಚ್ಚತೇನಿ. ಅದು ತಾನ ನೀರ ಎತ್ತತೈತಿ. ನಾಕ ಸೋಮವಾರ ಬಿಡು ನನಗ."

"ಗಾಳಿ ಬಂದಾಗ ನೋಡೂನಂತ. ಬಿಸಲ ಅಂತೂ ಇವತ್ತ ಬಂದೈತಲ್ಲ."

ಆ ಸೋಮವಾರ ಹೋಯಿತು. ಮುಂದಿನದೂ ಹೋಯಿತು. ಅಮಾವಾಸ್ಯೆಯೂ ಬಂದು ಹೋಯಿತು. ಅದು ಸೋಮವಾರ ಬೀಳದಿದ್ದರೂ ಯಂತ್ರ ನೋಡಲು ಬರುತ್ತೇನೆಂದಿದ್ದ ಭೀಮಪ್ಪ ಬರಲಿಲ್ಲ. ಸಾವಕಾರ ಈ ಸಲ ಸುಳ್ಳು ನಂಬಲಿಲ್ಲವೆಂದು ಸಂತೆಗೆ ಬಂದವರು ಸುದ್ದಿ ತಂದರು.

ಇನ್ನೊಂದು ಸೋಮವಾರ ಬೆಳಗಿನ ಜಾವ ಜಕ್ಕಪ್ಪ ಎದ್ದು, ತಂಬಿಗೆ ಹಿಡಿದು ಬಯಲಿಗೆ ಹೋಗುವವನಂತೆ ಬಾವಿಗೆ ಹೋದ. ಹಲ್ಲುಗಾಲಿಯನ್ನು ಅಚ್ಚಿಗೆ ಬಿಗಿದ ಮೊಳೆಯನ್ನು ಕಲ್ಲಿನಿಂದ ಬಡಿದು ಮುರಿದ. ಒಂದೇ ಏಟಿಗೆ ಮುರಿಯಲಿಲ್ಲ. ಚೆನ್ನಾಗಿಯೇ ಮಾಡಿದ್ದ ಅದನ್ನು.

ಬಿಸಿಲೇರಿದ ಮೇಲೆ ಅಣ್ಣನ ಮುಂದೆ ಯಂತ್ರದ ಮೇಲೆ ಕುಳಿತು ತುಳಿದು ತೋರಿಸಿದ. ಪೆಡಲು ತಿರುಗಿತು, ಗಾಲಿ ತಿರುಗಲಿಲ್ಲ. "ಕೆಟ್ಟೈತಿ" ಎಂದ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ.

ಗಿರಮಲ್ಲಪ್ಪ ಬೈಯಲಿಲ್ಲ. ನಕ್ಕುಬಿಟ್ಟ. "ನನಗ ಗೊತ್ತಿತ್ತು. ಆಟಗಿ ಸಾಮಾನ ಎಷ್ಟ ದಿನಾ ಬಾಳತೈತಿ? ನಾಳಿಯಿಂದ ಎತ್ತ ಹೂಡು. ಇದನ್ನ ಬಿಚ್ಚಿ ಗುಜರಿಗೆ ಹಾಕು."

ಬೇಕಾದದ್ದು ಅದೇ. ಎತ್ತು ಬಾವಿಗೆ ಬಂದರೆ ಸೋಮವಾರ ತನಗೆ ಬಂದಂತೆ. ಜಕ್ಕಪ್ಪ ಸೋಗೆಯ ಕೆಳಗೆ ಹೋಗಿ ಕುಳಿತ. ಇಡೀ ದಿನ ಮುಂದಿತ್ತು. ಪಂಖದ ಅಚ್ಚಿಗೆಂದು ಎತ್ತಿಟ್ಟ ಉಕ್ಕಿನ ಸರಳು ಕೈಯಲ್ಲಿತ್ತು. ಅಂಥ ಸರಳು ಎರಡನೆಯದು ಜಮಖಂಡಿಯ ಗುಜರಿಯಲ್ಲೂ ಸಿಕ್ಕಿರಲಿಲ್ಲ.

ಬಾವಿಯ ಕಡೆಯಿಂದ ಮಾತು ಕೇಳಿಸುತ್ತಿತ್ತು.

"ಯಾಕೋ ಗಿರಮಲ್ಲಪ್ಪ, ನೀರ ನಿಂತಾವ?" ಲಗಮಣ್ಣಜ್ಜನ ದನಿ.

"ಮುರದ ಬಿತ್ತಜ್ಜ, ಜಕ್ಕನ ಸಂತಿ."

"ಮಜ್ಜಿಗಿ ಯಂತ್ರದಂಗ ಆತು ಬಿಡ್ರಿ," ಎಂದಳು ಮಾಯವ್ವ. ಮೂವರೂ ನಕ್ಕರು. ಅಜ್ಜನೂ ನಕ್ಕ.

ಜಕ್ಕಪ್ಪ ಸರಳನ್ನು ತೊಡೆಯ ಮೇಲಿಟ್ಟುಕೊಂಡ. ನಗು ನಿಂತಿತು. ಅವರು ಬೇರೆ ಮಾತಿಗೆ ಹೋದರು. ಅದು ನಗುವಿಗಿಂತಲೂ ಕೆಟ್ಟದಾಯಿತು. ಅವನು ಗರಗಸ ತೆಗೆದುಕೊಂಡು ಸರಳಿನ ತುದಿಯಿಂದ ಬೆರಳುದ್ದದ ತುಂಡು ಕೊಯ್ದ, ಅರದಿಂದ ಉಜ್ಜಿ ನಯ ಮಾಡಿದ. ಗಿಡ್ಡಾದ ಸರಳು ಇನ್ನು ಪಂಖಕ್ಕೆ ಬರುವಂತಿರಲಿಲ್ಲ.

ಅವರೆಲ್ಲ ನೋಡುತ್ತಿದ್ದಂತೆ ಬಾವಿಗೆ ಬಂದು ಮುರಿದ ಮೊಳೆ ಕಿತ್ತು, ಉಕ್ಕಿನದನ್ನು ಬಡಿದು ಕೂರಿಸಿದ. ಹತ್ತಿ ತುಳಿದ. ನೀರು ಮೊದಲಿಗಿಂತ ದಪ್ಪಗೆ ಬಂತು.

"ಇನ್ನ ಮುರ್ಯೂದಿಲ್ಲ," ಎಂದ ಅಜ್ಜನನ್ನು ನೋಡಿ.

"ಭೇಷ್!" ಎಂದ ಅಜ್ಜ.

"ಛಲೋ ಆತು," ಎಂದು ಗಿರಮಲ್ಲಪ್ಪ ಸಲಿಕೆ ಎತ್ತಿಕೊಂಡ. "ಹಂಗಾರ ಮೆಣಸಿನಕಾಯಿ ಮಡೀಗೂ ಹರಸೂನು."

ಅವನು ದೂರದ ಮಡಿಯ ಬಾಯಿ ಕಡಿದು ನಿಂತು, ನೀರು ಸಾಲದೆಂದು ಕೈಯೆತ್ತಿ ಸನ್ನೆ ಮಾಡಿದ. ಜಕ್ಕಪ್ಪ ಹಲ್ಲು ಕಚ್ಚಿ ಇನ್ನೂ ಜೋರಾಗಿ ತುಳಿದ.