ಹಳೇ ಕಂಪ್ಯೂಟರಿಗೊಂದು ಲಿನಕ್ಸ್

ಹೆಂಡತಿ ಸಾವ್ಲೆ ಮಗಳನ್ನು ಕರೆದುಕೊಂಡು ಗಡಿಯಾಚೆ ರಷ್ಯಾದ ಓಮ್ಸ್ಕ್‌ನ ತವರಿಗೆ ಹೋದಾಗ ನನಗೆ ಏನೂ ಅನ್ನಿಸಲಿಲ್ಲ. ಚಹಾ ಕಾಸಿದೆ, ಕುಡಿದೆ, ಬಸ್ ಡಿಪೋಗೆ ಕೆಲಸಕ್ಕೆ ಹೋದೆ. ಈಗಲೂ ಹಾಗೇ ಇದ್ದೇನೆ. ಇಲ್ಲಿ ಕಜಕಸ್ತಾನದಲ್ಲಿ, ತೆಮಿರ್ತಾವಿನ ನೆಂಟರೆಲ್ಲ ‘ಕೈರ್ಗೆಲ್ದಿ ಗಟ್ಟಿಗ’ ಅನ್ನುತ್ತಾರೆ. ಗಟ್ಟಿಗನೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ. ಮರಗಟ್ಟಿದ್ದೇನೆ, ಅಷ್ಟೆ.

ಮಗಳು ಐಝೆರೆ ಫೋನಿನಲ್ಲಿ ಕೈಗೆ ಸಿಗುವುದಿಲ್ಲ. “ಹೂಂ ಪಾಪಾ, ಇಲ್ಲ ಪಾಪಾ” ಎಂದು ನಮ್ಮ ಕಜಕ್ ಬಿಟ್ಟು ರಷ್ಯನ್ನಿನಲ್ಲಿ ಗೊಣಗಿ ಅಮ್ಮನಿಗೆ ಕೊಟ್ಟುಬಿಡುತ್ತಾಳೆ. ಸಿಗುವುದು ಶನಿವಾರ ಮಧ್ಯಾಹ್ನದ ಲಾರಿ ಆಟದಲ್ಲಿ. ಅವಳದೊಂದು ಲಾರಿ, ನನ್ನದೊಂದು. ಒಟ್ಟಿಗೆ ಓಡಿಸುತ್ತಾ ಪರದೆಯ ಮೂಲೆಯಲ್ಲಿ ಅದೂ ಇದೂ ಬರೆದುಕೊಳ್ಳುತ್ತೇವೆ. ನಮ್ಮಿಬ್ಬರ ನಡುವೆ ಉಳಿದಿರುವುದು ಅದೊಂದೇ.

ಅದೂ ಕೈಕೊಟ್ಟಿತು. ಆಟದ ಹೊಸ ಆವೃತ್ತಿ ಬಂತು, ನನ್ನ ಹಳೇ ವಿಂಡೋಸ್‌ನಲ್ಲಿ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಹೊಸ ವಿಂಡೋಸ್ ಹೊರುವ ತಾಕತ್ತು ಈ ಪೆಟ್ಟಿಗೆಗಿಲ್ಲ. ಸಾವ್ಲೆಗೆ ಹೇಳಿದೆ.

“ಬಿಡು, ಅವಳೂ ಮರೀತಾಳೆ,” ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ.

ಹೆದರಬೇಕಿತ್ತು. ಹೆದರಿಕೆಯೂ ಬರಲಿಲ್ಲ. ಆದರೂ ಡಿಪೋದ ಗೆಳೆಯ ಬೊಲಾತ್‌ನನ್ನು ಮನೆಗೆ ಕರೆದೆ. ವಿಂಡೋಸ್ ಬದಲು ಹಾಕುವ ಲಿನಕ್ಸ್ ವಿಷಯಕ್ಕೆ ಬಂದರೆ ಅವನೇ ನಮ್ಮ ಮುಲ್ಲಾ.

“ಲೋ ಕೈರ್, ಆಟಕ್ಕೇ ಅಂತ ಮಾಡಿರೋ ಲಿನಕ್ಸ್ ಇದೆ ಕಣೋ. ನೋಡಿದ್ರೆ ಬಾಯಿ ಬಿಡ್ತೀಯ,” ಎಂದ, ಬಾಯಿತುಂಬ ಎಣ್ಣೆಯಲ್ಲಿ ಕರಿದ ಬೌರ್ಸಾಕ್ ತುಂಬಿಕೊಂಡು.

“ಈ ಪೆಟ್ಟಿಗೆ ವಯಸ್ಸು ನೋಡಿದ್ಯಾ?”

“ಮುದುಕನಿಗೂ ಹೊಸ ಸೂಟು ಹೊಲಿಸಬಹುದು, ಸುಮ್ನಿರು!”

ಹಾಕಿದ. ಆ ಸೂಟಿಗೆ ನಮ್ಮ ಮುದಿ ಗ್ರಾಫಿಕ್ಸ್ ಕಾರ್ಡಿನ ಗುರುತೇ ಹತ್ತಲಿಲ್ಲ. ಪರದೆ ಕಪ್ಪಗೆ ಕೂತಿತು. ಆಮೇಲೆ ಇನ್ನೊಂದು ತಂದ, ಎಲ್ಲವನ್ನೂ ನಾವೇ ಆಜ್ಞೆ ಬರೆದು ಕಟ್ಟಿಕೊಳ್ಳಬೇಕಾದದ್ದು. ಕಟ್ಟುತ್ತಾ ಕಟ್ಟುತ್ತಾ ಶನಿವಾರ ಜಾರಿಹೋಯಿತು. ಅದರ ಮುಂದಿನದೂ ಹೋಯಿತು.

“ಲಿನಕ್ಸ್‌ನಲ್ಲೇ ಮಿಂಟ್ ಅಂತ ಇದೆಯಲ್ಲ, ಅದನ್ನ ಹಾಕು. ಅದರಲ್ಲೂ ಹಗುರದ್ದು,” ಎಂದೆ.

“ಥೂ! ಅಜ್ಜಿಯರು ಹಾಕ್ಕೊಳ್ಳೋದು ಅದನ್ನ.”

“ಇದು ಅಜ್ಜೀನೇ ತಾನೇ. ಹಾಕೋ ಮಾರಾಯ, ನನ್ನ ಮಗಳು ಕಾಯ್ತಿದಾಳೆ.”

ಅವನು ನನ್ನ ಮಾತಿನಂತೆ ಹಾಕಿದ. ಮಿಂಟ್ ತೆಪ್ಪಗೆ ಕೂತಿತು. ಕಾರ್ಡಿಗೆ ಹೊಂದುವ ಹಳೇ ಚಾಲಕ ತಂತ್ರಾಂಶವೂ ಸಿಕ್ಕಿತು. ನೆರಳು, ಮಂಜು, ಹುಲ್ಲು ಎಲ್ಲ ತೆಗೆದುಹಾಕಿದ ಮೇಲೆ ಆಟ ತೆವಳುತ್ತಾ ತೆರೆಯಿತು. ಬೆಟ್ಟಗಳು ರಟ್ಟಿನಲ್ಲಿ ಕತ್ತರಿಸಿದಂತಿದ್ದವು.

ಶನಿವಾರ ಬಂತು. ನಾನು ಆಟದೊಳಗೆ ಹೋದಾಗ ಐಝೆರೆಯ ಲಾರಿ ರಸ್ತೆ ಬದಿಯಲ್ಲಿ ನಿಂತಿತ್ತು. ಎಷ್ಟು ಹೊತ್ತಿನಿಂದಲೋ. ನನ್ನ ಹೆಸರು ಕಂಡದ್ದೇ ತಡ, ಮೂಲೆಯಲ್ಲಿ ಅವಳ ಬರಹ ಮೂಡಿತು:

2ಕೆ

2ಕೆ 2ಕೆ 2ಕೆ

“ಇದೇನೋ, ಎರಡು ಅಂತೆ ಕೆ ಅಂತೆ?” ಬೊಲಾತ್ ಪಕ್ಕದಿಂದ ಮೂಗು ತೂರಿಸಿದ. “ಹೊಸ ಲಿನಕ್ಸ್‌ನಲ್ಲಿ ಅಕ್ಷರ ಕೆಟ್ಟಿರಬೇಕು. ತಡಿ, ಸರಿ ಮಾಡ್ತೀನಿ.”

“ಮುಟ್ಟಬೇಡ!”

ಕಜಕ್ ಕೀಲಿಮಣೆಯಲ್ಲಿ ಎರಡರ ಗುಂಡಿ ಒತ್ತಿದರೆ ನಮ್ಮ ಭಾಷೆಗೇ ಮೀಸಲಾದ ಒಂದು ‘ಅ’ ಬೀಳುತ್ತದೆ. ಓಮ್ಸ್ಕ್‌ನ ರಷ್ಯನ್ ಕೀಲಿಮಣೆಗೆ ಆ ಅಕ್ಷರವೇ ಗೊತ್ತಿಲ್ಲ, ಬರೀ ಎರಡು ಬೀಳುತ್ತದೆ. ನನ್ನನ್ನು ಕಂಡ ಗಡಿಬಿಡಿಯಲ್ಲಿ ಅವಳ ಬೆರಳು ಇಲ್ಲಿಯ ಕೀಲಿಮಣೆಯ ಹಳೇ ಜಾಗಕ್ಕೇ ಹೋಗಿತ್ತು. ಪಾಪಾ ಅಲ್ಲ, ಅವಳು ಬರೆದದ್ದು ಅಕೆ. ನಮ್ಮ ಭಾಷೆಯ ಅಪ್ಪ.

“ಮತ್ತೆ ಏನದು?” ಎಂದ ಬೊಲಾತ್.

“ನನ್ನನ್ನ ಕರೀತಿದಾಳೆ,” ಅಂದೆ. ಅವನೆದುರೇ, ಮಗುವಿನ ಹಾಗೆ ಅತ್ತುಬಿಟ್ಟೆ.