ತಾಮ್ರದ ಸುರುಳಿ

ಎಂಟಮ್ಮ ಊಟ ಬಿಟ್ಟು ಹತ್ತೊಂಬತ್ತು ದಿನವಾಗಿತ್ತು.

ಎಂಟಮ್ಮ ಅಂದರೆ ನನ್ನ ಕೋಣೆಯ ಗಾಜಿನ ತೊಟ್ಟಿಯಲ್ಲಿದ್ದ ಆಕ್ಟೋಪಸ್. ಮೈ ನಿಂಬೆಹಣ್ಣಿನಷ್ಟು, ಕೈಗಳು ನನ್ನ ಕಿರುಬೆರಳಿನಷ್ಟು. ಹೆಸರಿಟ್ಟವಳು ಅಪ್ಪನ ತಂಗಿ, ನನ್ನ ಅತ್ತೆ. ಭಾನುವಾರ ಬಂದಾಗಲೆಲ್ಲ ತೊಟ್ಟಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. "ಎಂಟು ಕೈ ಇದ್ರೂ ಒಂದು ಲೋಟ ತೊಳೆದಿಡಲ್ಲ. ಥೇಟ್ ನಮ್ಮ ಹುಡುಗಿ."

ಸಾಕುಮೀನಿನ ಅಂಗಡಿಯಿಂದ ತರುವಾಗಲೇ ಬಸುರಿಯಾಗಿದ್ದಿರಬೇಕು. ಅನ್ನದ ಅಗುಳಿನಂಥ ಮೊಟ್ಟೆಗಳನ್ನು ಮಣ್ಣಿನ ಪುಟ್ಟ ಕುಂಡದ ಒಳಮೈಗೆ ಅಂಟಿಸಿ, ತಾನು ಅಡ್ಡ ಕೂತಳು. ಆವತ್ತಿನಿಂದ ಅವುಗಳ ಮೇಲೆ ನೀರು ಊದುವುದೊಂದೇ ಕೆಲಸ. ಸೀಗಡಿ ಹಿಡಿದರೆ ಒಂದು ಕೈಯಿಂದ ಮೆಲ್ಲಗೆ ಆಚೆ ತಳ್ಳುತ್ತಿದ್ದಳು. ಅಂಗಡಿಯವನಿಗೆ ಫೋನ್ ಮಾಡಿದೆ, ಏನು ಕೇಳಬೇಕೆಂದು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು.

"ಇನ್ನು ತಿನ್ನಲ್ಲ ಬಿಡಿ ಮೇಡಂ," ಅಂದ. "ಮರಿ ಬರೋವರೆಗೂ ಜೀವ ಹಿಡ್ಕೊಂಡಿರತ್ತೆ, ಆಮೇಲೆ ಹೋಗತ್ತೆ. ನೀವು ನೀರೊಂದು ಸರಿಯಾಗಿ ನೋಡ್ಕೊಳಿ, ಮರಿಗಳಾದ್ರೂ ಉಳೀತವೆ."

ನೀರು ನೋಡಿಕೊಳ್ಳುವುದು ನನಗೆ ಗೊತ್ತು. ಪದವಿ ಮುಗಿದ ಮೇಲೆ ಸೇರಿದ್ದು ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ. ಬಾಟಲಿಗೆ ಚೀಟಿ ಅಂಟಿಸುತ್ತೇನೆ, ಅಂಕಿ ಬರೆಯುತ್ತೇನೆ, ಯಾರ ಹತ್ತಿರವೂ ಮಾತಾಡಬೇಕಿಲ್ಲ. ಮನೆಯಲ್ಲೂ ಹಾಗೇ. ಅಮ್ಮ ಹೋಗಿ ಐದು ತಿಂಗಳು. ಫ್ರಿಜ್ ರಿಪೇರಿ ಮಾಡುತ್ತಿದ್ದ ಅಪ್ಪ ಅಂದಿನಿಂದ ಮನೆ ಮುಂದಿನ ಅಂಗಡಿಯ ಷಟರ್ ಎತ್ತಿಲ್ಲ. "ಊಟ?" ಅನ್ನುತ್ತಾನೆ. "ಆಯ್ತು," ಅನ್ನುತ್ತೇನೆ. ಕೊನೆಯ ದಿನಗಳಲ್ಲಿ ಅಮ್ಮನೂ ಚಮಚವನ್ನು ಹಾಗೇ ಆಚೆ ತಳ್ಳುತ್ತಿದ್ದಳು. ಅದನ್ನು ನಾನು ಎಲ್ಲೂ ಬರೆದಿಲ್ಲ.

ತೊಟ್ಟಿಯ ಪಕ್ಕದ ನೋಟ್‌ಬುಕ್ಕಿನಲ್ಲಿ ಬೇರೆಲ್ಲ ಬರೆಯುತ್ತಿದ್ದೆ. 'ತಿಂದಿಲ್ಲ. ನೀರು ೨೭ ಡಿಗ್ರಿ.' ಮಾರನೆಯ ದಿನ, 'ತಿಂದಿಲ್ಲ. ೨೭. ಇಷ್ಟು ಬೆಚ್ಚಗಿದ್ದರೆ ಮರಿ ಉಳಿಯಲ್ಲ. ಏನು ಮಾಡಲಿ?'

ಹತ್ತೊಂಬತ್ತನೆಯ ದಿನ ಸಂಜೆ ಕೆಲಸದಿಂದ ಬಂದು ನೋಟ್‌ಬುಕ್ ತೆರೆದರೆ ಬೇರೆ ಕೈಬರಹ. 'ಬೆಳಿಗ್ಗೆ ಹತ್ತಕ್ಕೆ ಹಾಕಿದೆ. ೨೪ಕ್ಕೆ ಇಳಿದಿದೆ.'

ತೊಟ್ಟಿಯೊಳಗೆ ತಾಮ್ರದ ಕೊಳವೆಯ ಸುರುಳಿ. ಹತ್ತು ಸುತ್ತು, ಒಂದೂ ಸೊಟ್ಟಗಿಲ್ಲ. ಹೊರಗಿನ ಐಸ್ ಡಬ್ಬಿಯಿಂದ ತಣ್ಣೀರು ಅದರೊಳಗೆ ಹರಿದು ವಾಪಸಾಗುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಬೆರಳು ಕಪ್ಪಾಗಿದ್ದವು. ಗಡ್ಡ ಬೋಳಿಸಿದ್ದ.

"ಹೆಂಗಿದೆ?"

ಉಪ್ಪುನೀರಿನಲ್ಲಿ ತಾಮ್ರ ಕರಗುತ್ತದೆ. ಮೀನು ತಡೆದೀತು, ಆಕ್ಟೋಪಸ್ ತಡೆಯುವುದಿಲ್ಲ. ಇದನ್ನು ಎಂದೂ ಬರೆದಿರಲಿಲ್ಲ. ನನಗೆ ಗೊತ್ತಿದ್ದದ್ದನ್ನು ನನಗೇ ಯಾಕೆ ಬರೆದುಕೊಳ್ಳಲಿ?

'ಚೆನ್ನಾಗಿದೆ' ಅಂದುಬಿಡಬಹುದಿತ್ತು. ಅವನು ಮಲಗಲು ಹೋದ ಮೇಲೆ ತೆಗೆದರಾಯಿತು. ಆದರೆ ಕುಂಡದ ಬಾಯಲ್ಲಿ ಎಂಟಮ್ಮ ಬೂದು ಬಣ್ಣಕ್ಕೆ ತಿರುಗಿದ್ದಳು. ಊದುವುದು ಬಿಟ್ಟು ಬಿಟ್ಟು ನಡೆಯುತ್ತಿತ್ತು.

"ಅಪ್ಪ, ತಾಮ್ರ ಇವಳಿಗೆ ವಿಷ."

ಅಪ್ಪ ತೋಳು ಮಡಿಸದೆ ಅಂಗಿಯ ಸಮೇತ ಕೈ ಮುಳುಗಿಸಿ ಸುರುಳಿ ಎತ್ತಿದ. ಪ್ರಯೋಗಾಲಯದಿಂದ ತಂದಿಟ್ಟಿದ್ದ ಸಮುದ್ರದ ನೀರನ್ನು ಬಕೆಟ್ಟಿಗೆ ಸುರಿದೆ. ಕುಂಡವನ್ನು ಹಾಗೇ ಅದಕ್ಕೆ ಇಳಿಸಿದೆವು. ಎಂಟಮ್ಮ ಮೊಟ್ಟೆ ಬಿಟ್ಟು ಕದಲಲಿಲ್ಲ.

"ಒಂದು ಸಾಲು ಬರೆದಿಡೋಕೆ ಏನಾಗಿತ್ತು ನಿಂಗೆ?"

"ನೀನು ಓದ್ತೀಯ ಅಂತ ಗೊತ್ತಿರ್ಲಿಲ್ಲ."

"ದಿನಾ ಓದ್ತೀನಿ," ಅಂದ. ಅಂಗಿಯ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಮಾತಂತೂ ಆಡಲ್ವಲ್ಲ ನೀನು."

ನೀನೂ ಆಡಲ್ವಲ್ಲ ಅಂತ ಬಾಯಿಗೆ ಬಂತು. ನೆಲ ಒರೆಸಿದೆ.

ಅದಾದ ನಾಲ್ಕನೆಯ ದಿನ ಬೆಳಿಗ್ಗೆ ಎಂಟಮ್ಮ ಬೆಳ್ಳಗಾಗಿದ್ದಳು. ಎರಡು ಕೈ ಇನ್ನೂ ಮೊಟ್ಟೆಗಳ ಮೇಲಿದ್ದವು. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಆಫೀಸಿಗೆ ಹೊತ್ತಾಗುತ್ತಿತ್ತು.

"ನನ್ನಿಂದಾನಾ?" ಅಪ್ಪ ಕೇಳಿದ.

"ಹೇಗಿದ್ರೂ ಹೋಗೋಳೇ."

"ನಾನು ಕೇಳಿದ್ದು ಅದಲ್ಲ."

"ಸ್ವಲ್ಪ ಬೇಗ ಹೋದ್ಲು."

ಅವನು ತಲೆಯಾಡಿಸಿದ. ಕುಂಡದೊಳಗೆ ಟಾರ್ಚ್ ಬಿಟ್ಟು ನೋಡಿದೆ. ಕೆಲವು ಮೊಟ್ಟೆ ಕೆಟ್ಟು ಬಿಳಿಚಿದ್ದವು. ಉಳಿದವುಗಳಲ್ಲಿ ಎರಡೆರಡು ಕಪ್ಪು ಚುಕ್ಕೆ. ಕಣ್ಣು. ಇನ್ನು ಮೇಲೆ ನೀರು ಊದುವವರು ಯಾರೂ ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ ಎಂದೆ. ಬಾಯಿಬಿಟ್ಟೇ ಹೇಳಿದೆ.

ಸಂಜೆ ಬಂದರೆ ಅಪ್ಪನ ಅಂಗಡಿಯ ಷಟರ್ ಅರ್ಧ ತೆರೆದಿತ್ತು. ಅಪ್ಪ ನೆಲದ ಮೇಲೆ ಸಾಮಾನು ಹರಡಿಕೊಂಡಿದ್ದ.

"ರಬ್ಬರು ಪರ್ವಾಗಿಲ್ವಾ?"

"ಪರ್ವಾಗಿಲ್ಲ."

"ಪ್ಲಾಸ್ಟಿಕ್ಕು? ಈ ಬಿಳೀದು?"

"ಆಗತ್ತೆ."

"ಹಿತ್ತಾಳೆ ಕ್ಲಿಪ್ಪು?"

"ಬೇಡ. ಅದ್ರಲ್ಲೂ ತಾಮ್ರ ಇರತ್ತೆ."

"ಸರಿ, ದಾರದಲ್ಲಿ ಕಟ್ತೀನಿ."

ತೊಟ್ಟಿ ತೊಳೆದು ಹೊಸ ನೀರು ತುಂಬಿದೆವು. ಹಳೆಯ ಪಂಪಿಗೆ ಸಿಕ್ಕಿಸಿದ ಸಣ್ಣ ನಳಿಕೆ ಮೊಟ್ಟೆಗಳ ಮೇಲೆ ಬಿಟ್ಟು ಬಿಟ್ಟು ನೀರು ಊದತೊಡಗಿತು. ತಣ್ಣೀರಿಗೆ ಪ್ಲಾಸ್ಟಿಕ್ ಸುರುಳಿ. ಅದರ ಸುತ್ತುಗಳು ಸೊಟ್ಟ. ಅತ್ತೆ ಬಂದು ನೋಡಿದಳು. "ಅಣ್ಣ, ಇದೇನು ಬಾಣಂತನ ಹಿಡ್ಕೊಂಡಿದ್ಯಾ?" ಅಪ್ಪ ನೋಟ್‌ಬುಕ್ಕಿನಲ್ಲಿ '೨೪' ಬರೆಯುತ್ತಿದ್ದ.

ಮೊಟ್ಟೆಯಿಟ್ಟ ಮೂವತ್ತೆಂಟನೆಯ ದಿನ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಫೋನ್ ಬಂತು. ಅಪ್ಪ ನನಗೆ ಎಂದೂ ಫೋನ್ ಮಾಡಿದವನಲ್ಲ.

"ಒಂದು ಬಂತು."

"ಎಷ್ಟಿದೆ?"

"ಮೆಣಸಿನಕಾಳಷ್ಟು. ಗಾಜಿಗೆ ಅಂಟ್ಕೊಂಡು ನನ್ನೇ ನೋಡ್ತಿದೆ."

ಕೈಯಲ್ಲಿ ಬಾಟಲಿಯೊಂದರ ಚೀಟಿಯಿತ್ತು, ಅಂಟಿನ ಬದಿ ಬೆರಳಿಗೆ ಹಿಡಿದಿತ್ತು.

"ಸರಿ," ಎಂದೆ.

"ಸರಿ," ಎಂದ.

ಇಬ್ಬರೂ ಫೋನ್ ಇಡಲಿಲ್ಲ. ಅತ್ತಲಿಂದ ಪಂಪಿನ ಸದ್ದು ಕೇಳುತ್ತಲೇ ಇತ್ತು.