ಗೇಟಿನ ಮೇಲೆ ಹೊರಿಸಿದ ತಪ್ಪು

ಸಗರ ಊರಿನಾಚೆಯ ಉಪಕಾಲುವೆಯ ಗೇಟು ಬಿಗಿದುಕೊಂಡಿದೆ ಎಂದು ಮೌನಪ್ಪ ಆಫೀಸಿಗೆ ಹೇಳಿ ಕಳಿಸಿದ್ದ. ಚಕ್ರ ತಿರುವಿ ನೀರು ಬಿಡುವ ಹಂಗಾಮಿ ಕೆಲಸ ಅವನದು. ತೋಳಲ್ಲಿ ಕಸುವಿಲ್ಲವೆಂದು ಗೊತ್ತಾದರೆ ಆ ಜಾಗಕ್ಕೆ ಬರಲು ಜನ ಕಾದಿದ್ದರು.

ಹಳೆಯ ಕಾಮಾಲೆ ಯಕೃತ್ತಿನಲ್ಲಿ ಬೇರು ಬಿಟ್ಟಿದೆ ಎಂದು ಶಹಾಪುರದ ಡಾಕ್ಟರು ಸೂಜಿ ಶುರು ಮಾಡಿದ್ದರು. ಮೊದಲು ಸೂಜಿ ಹಾಕಿದ ದಿನ ಜ್ವರ ಬಂದು ಹೋಗುತ್ತಿತ್ತು. ಈಗಿನದು ಬೇರೆ. ಕೂತಲ್ಲಿ ಕೂಡಲಾಗದು, ಮಲಗಿದರೆ ಎದೆ ಡವಡವ, ಚಳಿಗಾಲದಲ್ಲೂ ಬನಿಯನ್ ಬೆವರಿಗೆ ತೊಪ್ಪೆ. ಕುಕ್ಕರಗಾಲಲ್ಲಿ ಕೂತರೆ ಏಳಲು ಜಾಲಿಗಿಡದ ಆಸರೆ ಬೇಕು. ಆದರೂ ಇಡೀ ದಿನ ಕಾಲುವೆ ಏರಿಯ ಮೇಲೆ ಅಲೆಯುತ್ತಿದ್ದ.

“ಕಾಲಾಗ ಇರಿವಿ ಹೊಕ್ಕಾವೇನು? ಒಂದ್ ಕಡಿ ಕುಂತು ಚಾ ಕುಡೀರಲ್ಲ,” ಎಂದಳು ಹೆಂಡತಿ ಮಲ್ಲಾಬಾಯಿ.

“ಗೇಟ್ ಕೆಟ್ಟಾದ. ಅದರ ಚಿಂತಿ.”

ಆಫೀಸಿನಿಂದ ಮಿಸ್ತ್ರಿ ಅಮೀನುದ್ದೀನ ಗ್ರೀಸು ಡಬ್ಬಿ ಹಿಡಿದು ಬಂದ. ಗ್ರೀಸು ಹಚ್ಚುವ ಮೊದಲು, ಬೀಡಿ ಬಾಯಲ್ಲಿಟ್ಟುಕೊಂಡೇ ಒಂದು ಕೈಯಿಂದ ಚಕ್ರ ತಿರುವಿದ. ನೀರು ಬುಳಬುಳನೆ ನುಗ್ಗಿತು.

“ಅರೇ ಮಾವಾ, ಗೇಟಿನ ಮ್ಯಾಲ ಸುಳ್ಳು ಕೇಸ್ ಹಾಕೀಯಲ್ಲ! ಬೆಣ್ಣಿ ಹಂಗ ತಿರಗ್ತಾದ!”

“ನಮ್ಮ ನೆಲ್ಲು ಒಣಗಾಕತ್ತಾದ, ಇಂವ ನಿದ್ದಿ ಹೊಡದಾನ,” ಎಂದ ಕೆಳಗಿನ ಹೊಲದ ಚಂದ್ರಾಮಪ್ಪ.

ವಾರದಿಂದ ಕಣ್ಣು ಮುಚ್ಚದ ಮೌನಪ್ಪ ಸಿಟ್ಟಿನಿಂದ ಚಕ್ರಕ್ಕೆ ಕೈ ಹಾಕಿದ. ಬೆರಳು ನಡುಗಿದವು. ಚಕ್ರ ಸ್ವಲ್ಪ ಅಲುಗಿ ನಿಂತಿತು. ಅಮೀನುದ್ದೀನ ಬಾಯಿಂದ ಬೀಡಿ ತೆಗೆದ.

“ಆ ಸೂಜಿನೇ ನಿಮ್ಮನ್ನ ತಿಂದಾದ. ಬಿಟ್ಟುಬಿಡ್ರಿ,” ಎಂದು ಮಲ್ಲಾಬಾಯಿ ರಾತ್ರಿ ಅತ್ತಳು. ಅವನಿಗೂ ಹಾಗೇ ಅನ್ನಿಸಿತ್ತು. ಅದನ್ನೇ ಹೇಳಲು ಶಹಾಪುರಕ್ಕೆ ಹೋದ.

ಡಾಕ್ಟರು ಕುರ್ಚಿಯಿಂದ ಕೈಯೂರದೆ ಏಳಲು ಹೇಳಿದರು. ಆಗಲಿಲ್ಲ. ಗಂಟಲು ಮುಟ್ಟಿ ನೋಡಿದರು.

“ಎಷ್ಟ್ ದಿನದಿಂದ ಹಿಂಗಾಗ್ಯಾದ? ಯಾಕ ಹೇಳಿಲ್ಲ?”

“ಗೇಟ್ ಕೆಟ್ಟಾದ ಅನ್ಕೊಂಡಿದ್ದೆ ರೀ.”

ಡಾಕ್ಟರಿಗೆ ಅರ್ಥವಾಗಲಿಲ್ಲ. “ಸೂಜಿಯಿಂದ ಗಂಟಲಾಗಿನ ಥೈರಾಯ್ಡ್ ಗ್ರಂಥಿ ಕೆರಳಿದಂಗ ಕಾಣ್ತಾದ. ಅದಕ್ಕ ಎದಿ ಓಡ್ತಾದ, ಸ್ನಾಯು ಸೋತಾವ. ರಕ್ತದ ರಿಪೋರ್ಟ್ ಬರೂತನಕ ಸೂಜಿ ನಾ ನಿಲ್ಲಸ್ತೀನಿ. ಆಮ್ಯಾಲ ನಿಮ್ಮಷ್ಟಕ್ಕ ನೀವು ಬಿಡಬ್ಯಾಡ್ರಿ, ಯಕೃತ್ತು ತಿರುಗಿ ಕೆಡ್ತಾದ. ಕಸುವು ವಾಪಸ್ ಬರ್ತಾದ, ತಡ ಆಗ್ತಾದ. ಅಲ್ಲೀತನಕ ಚಕ್ರ ಮುಟ್ಟಬ್ಯಾಡ್ರಿ.”

“ಹಂಗಾರ ನನ್ನ ಕೆಲಸ?”

ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ಬರೆದು ಕೈಗಿತ್ತರು.

ಮೌನಪ್ಪ ನೇರವಾಗಿ ಕಾಲುವೆ ಆಫೀಸಿಗೆ ಬಂದ. ಸಾಹೇಬರು ಒಳಗೆ ಕರೆಯುವವರೆಗೆ ಪಡಸಾಲೆಯಲ್ಲಿ ಸುತ್ತಿದ. ಒಳಹೋಗಿ, ಮತ್ತೆ ಸುಳ್ಳು ಬಾಯಿಗೆ ಬರುವ ಮೊದಲೇ ಅಂದುಬಿಟ್ಟ:

“ಗೇಟ್ ಛಲೋ ಅದರಿ. ನನಗ ರೋಗ ಅದ, ತೋಳಾಗ ಕಸುವಿಲ್ಲ. ಆರಾಮ ಆಗೂತನಕ ನನ್ನಾಕಿ ಚಕ್ರ ತಿರುವತಾಳ. ಯಾರ ಪಾಳಿ, ಎಷ್ಟ್ ನೀರು, ನಾ ನೋಡ್ಕೋತೀನಿ.”

“ಹೆಣ್ಮಗಳ ಕೈಲೆ ಆಗ್ತಾದೇನೋ?”

“ನನ್ನ ಕೈಕಿಂತ ಆಗ್ತಾದ್ರಿ.”

ಸಾಹೇಬರು ಅವನ ನಡುಗುವ ಬೆರಳುಗಳನ್ನು ನೋಡಿದರು. “ನಾಳೆ ಅಕಿನ್ನ ಗೇಟಿಗೆ ಕರಕೊಂಡು ಬಾ,” ಎಂದರು.